ಗೇರ್ ಬಾಕ್ಸ್ ಎತ್ತಿಸಿದ್ರು, ಹೊಗೆ ಪೈಪ್ ಮರೆತ್ರು

ಮನೇಲಿ ಯಾವುದಾದ್ರೂ ಒಂದನ್ನ ಎತ್ತರಿಸಿದ್ರೆ, ಅದಕ್ಕೆ ಅಂಟಿಕೊಂಡಿರೋದನ್ನೆಲ್ಲಾ ಜೊತೆಗೇ ಸರಿ ಮಾಡ್ಕೋಬೇಕು. ಸೊಂಟ ನೋವು ಅಂತ ಒಲೆ ಕಟ್ಟೆ ಮೂರಿಂಚು ಏರಿಸಿ ನೋಡಿ. ಗ್ಯಾಸಿನ ಟ್ಯೂಬ್ ಉದ್ದ ಸಾಲಲ್ಲ, ಕಿಟಕಿ ಬಾಗಿಲು ಕುಕ್ಕರಿಗೆ ತಗುಲುತ್ತೆ, ಮೇಲಿನ ಚಿಮಣಿ ಬೆಂಕಿಗೆ ಹತ್ರ ಬರುತ್ತೆ. ಅಡುಗೆಮನೇಲಿ ನಿಂತೋರಿಗೆಲ್ಲಾ ಗೊತ್ತಿರೋ ವಿಷ್ಯ ಇದು. ಆದ್ರೆ ಇದೇ ಲೆಕ್ಕ ಜೀಪಿಗೂ ಅನ್ವಯಿಸುತ್ತೆ ಅಂತ ನಮ್ಮನೇ ಗಂಡಸ್ರಿಗೆ ಒಪ್ಪಿಸೋಕೆ ನನಗೆ ಎರಡು ವಾರ ಬೇಕಾಯ್ತು. ಅದ್ಕೇ ಈ ಸಲ ಉಪ್ಪಿನಕಾಯಿ, ಹಪ್ಪಳ ಎಲ್ಲಾ ಪಕ್ಕಕ್ಕಿಟ್ಟು ಸೈಲೆನ್ಸರ್ ಪೈಪಿನ ಬಗ್ಗೆ ಬರೀತಿದೀನಿ. ನಗಬೇಡಿ. ಮನೇಲಿ ಹಳೇ ಜೀಪು, ಥಾರು, ಏನಾದ್ರೂ ಇದ್ದು, ಮಗನೋ ಅಳಿಯನೋ ಅದನ್ನ ಎತ್ತರ ಮಾಡಿಸ್ತೀನಿ ಅಂತ ಓಡಾಡ್ತಿದ್ರೆ ಒಂದ್ಸಲ ಓದಿಸಿ.

ನಮ್ಮದು ಮಹೀಂದ್ರಾ ಎಂಎಂ 540. ಮಾವನೋರ ಕಾಲದ್ದು. ಸಕಲೇಶಪುರದಾಚೆ ಹೆತ್ತೂರು ಕಡೆ ನಮ್ಮ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಹೆರಿಗೆಗೆ ಹೊರಟ ಹೆಂಗಸ್ರು, ಮದುವೆ ದಿಬ್ಬಣ ಎಲ್ಲಾ ಹೊತ್ತಿರೋ ಗಾಡಿ. ಈ ಜೀಪಿನ ವಂಶ ಹುಡುಕ್ತಾ ಹೋದ್ರೆ ಎರಡನೇ ಮಹಾಯುದ್ಧಕ್ಕೆ ಅಮೆರಿಕದ ಸೈನ್ಯಕ್ಕೆ ಮಾಡಿದ ವಿಲ್ಲಿಸ್ ಜೀಪಿಗೆ ಹೋಗುತ್ತೆ. ಮಹೀಂದ್ರಾದೋರು 1949ರಲ್ಲಿ ಮುಂಬೈನ ಮಜಗಾಂವ್‌ನಲ್ಲಿ ಬಿಡಿ ಭಾಗ ತರಿಸಿ ಅದನ್ನ ಜೋಡಿಸೋಕೆ ಶುರು ಮಾಡಿದ್ರು. 540ರಲ್ಲಿ ಇರೋದು ಫ್ರಾನ್ಸಿನ ಪ್ಯೂಜೋ ಕಂಪನಿಯ ಡೀಸೆಲ್ ಇಂಜಿನ್ನಿನ ವಿನ್ಯಾಸ. ಮಲೆನಾಡಲ್ಲಿ ಇವತ್ತಿಗೂ ಎಷ್ಟೋ ತೋಟಗಳ ಕೊಟ್ಟಿಗೆ ಪಕ್ಕ ಇಂಥದ್ದೊಂದು ನಿಂತಿರುತ್ತೆ.

ನಾವಿರೋದು ಇಲ್ಲಿ, ಪೀಣ್ಯ ಹತ್ರ ದಾಸರಹಳ್ಳಿ ಕಡೆ. ನಮ್ಮನೆಯೋರು ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಲ್ಲಿ ದುಡಿದು ರಿಟೈರ್ ಆದೋರು. ಮಗ ವೈಟ್‌ಫೀಲ್ಡಲ್ಲಿ ಕಂಪ್ಯೂಟರ್ ಕೆಲಸ. ಮಾವನೋರು ಹೋದ್ಮೇಲೆ ಜೀಪಿನ ಉಸ್ತುವಾರಿ ಮಗನದ್ದೇ ಆಯ್ತು. ತೋಟದ ಮನೆಗೆ ಏರೋ ದಾರೀಲಿ ಒಂದು ದಿಬ್ಬ ಇದೆ, ನಡುವೆ ನೆಲಬಂಡೆ. ಮುಂದಿನ ಚಕ್ರ ದಾಟಿ ಹಿಂದಿನ ಚಕ್ರ ಇನ್ನೂ ಈಚೆ ಇರುವಾಗ ಜೀಪಿನ ಹೊಟ್ಟೆ ಆ ಬಂಡೆ ಮೇಲೆ ಕೂತ್ಬಿಡುತ್ತೆ. ಹೊಟ್ಟೆ ಅಂದ್ರೆ ಗೇರ್ ಬಾಕ್ಸನ್ನ ಹೊತ್ತಿರೋ ಅಡ್ಡಪಟ್ಟಿ. ಚಾಸಿಯಿಂದ ಕೆಳಕ್ಕೆ ಜೋತುಬಿದ್ದಿರೋದು ಅದೇ. ಮಳೆಗಾಲದಲ್ಲಿ ಕೆಸರು ಕೊಚ್ಚಿ ಹೋಗಿ ಬಂಡೆ ಇನ್ನೂ ಮೇಲೆದ್ದು, ಪ್ರತಿ ಸಲ ಕರಕರ ಅಂತ ಉಜ್ಜೋದು.

ದೊಡ್ಡ ಟೈರ್ ಹಾಕಿದ್ರೆ ಸ್ವಲ್ಪ ಎತ್ತರ ಸಿಗುತ್ತೆ ನಿಜ, ಆದ್ರೆ ಅಷ್ಟಕ್ಕೆ ಹೊಟ್ಟೆ ಬಂಡೆ ಬಿಡಲ್ಲ. ಹಂಗಾಗಿ ಮಗ ಒಂದು ವರ್ಕ್‌ಶಾಪಲ್ಲಿ ಗೇರ್ ಬಾಕ್ಸನ್ನೇ ಒಂದೂವರೆ ಇಂಚು ಮೇಲಕ್ಕೆತ್ತಿಸಿದ. ಹಳೇ ಅಡ್ಡಪಟ್ಟಿ ತೆಗೆದು, ಚಾಸಿ ಮಟ್ಟಕ್ಕೆ ಕೂರೋ ಚಪ್ಪಟೆ ದಪ್ಪ ತಗಡು ಹಾಕಿಸಿದ. ಕೆಲಸ ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಗೇರ್ ಲಿವರ್ ನೆಲಕ್ಕೆ ತಗುಲದ ಹಾಗೆ ತೂತು ದೊಡ್ಡದು ಮಾಡಿದ್ರು. ಕ್ಲಚ್ಚಿನ ಕಡ್ಡಿ ಉದ್ದ ಸರಿ ಮಾಡಿದ್ರು. ಹಿಂದಿನ ಚಕ್ರಕ್ಕೆ ಹೋಗೋ ಪ್ರೊಪೆಲ್ಲರ್ ಶಾಫ್ಟು ಈಗ ಜಾಸ್ತಿ ಓರೆ ಆಗುತ್ತಲ್ಲ, ಅದಕ್ಕೆ ಪಟ್ಟಾ ಕೆಳಗೆ ಓರೆ ಬಿಲ್ಲೆ ಕೊಟ್ಟಿದ್ರು. ಇಷ್ಟೆಲ್ಲಾ ಮಾಡಿದೋರು ಹೊಗೆ ಪೈಪನ್ನ ಮಾತ್ರ ಹಳೇದನ್ನೇ ಎಳೆದು ಕಟ್ಟಿ ಕಳಿಸಿದ್ರು. ಪೈಪಿಗೆ ಅಂತ ಬಿಲ್ಲಲ್ಲಿ ಒಂದು ಸಾಲೂ ಇರ್ಲಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೊರಟ್ವಿ. ಮಗ ಮೊದಲೇ ಜೀಪ್ ಓಡಿಸ್ಕೊಂಡು ಹೋಗಿದ್ದ. ನಾವು ಯಶವಂತಪುರದಿಂದ ರೈಲಲ್ಲಿ ಸಕಲೇಶಪುರಕ್ಕೆ ಹೋಗಿ ಇಳಿದ್ವಿ. ಅಲ್ಲಿಂದ ತೋಟಕ್ಕೆ ಒಂದು ಗಂಟೆ ಮೇಲೆ ದಾರಿ. ಅತ್ತೆಗೆ ಎಪ್ಪತ್ತಾರು. ಮಂಡಿ ಮಡಚೋಕಾಗಲ್ಲ ಅಂತ ಅವ್ರು ಯಾವಾಗ್ಲೂ ಹಿಂದಿನ ಉದ್ದ ಸೀಟಲ್ಲೇ ಕಾಲು ನೀಡ್ಕೊಂಡು ಕೂರೋದು. ಪಕ್ಕದಲ್ಲಿ ಮಗಳ ಮಗಳು, ಆರು ವರ್ಷದ್ದು. ಎದುರಿಗೆ ನಾನು. ಮಳೆ ಬರ್ತಿತ್ತು, ಪಕ್ಕದ ಟಾರ್ಪಾಲೆಲ್ಲಾ ಬಿಗಿಯಾಗಿ ಕಟ್ಟಿದ್ವಿ, ಹಿಂದುಗಡೆದು ಮಾತ್ರ ಸುತ್ತಿ ಮೇಲಿಟ್ಟಿತ್ತು.

ಅರ್ಧ ದಾರಿ ಹೋಗೋದ್ರೊಳಗೆ ಮಗು ತಲೆ ನೋವು ಅಂತು. ಆಮೇಲೆ ಅತ್ತೆ ಸುಮ್ಮನಾದ್ರು. ಯಾವಾಗ್ಲೂ ದಾರಿಯುದ್ದಕ್ಕೂ ಇದು ಯಾರ ತೋಟ, ಅದು ಯಾರ ಗದ್ದೆ ಅಂತ ಹೇಳ್ತಾ ಬರೋರು. "ಯಾಕತ್ತೆ?" ಅಂದ್ರೆ, "ಏನೋ ಕಣವ್ವ, ತಲೆ ಭಾರ, ಹೊಟ್ಟೆ ತೊಳಸ್ತದೆ" ಅಂದ್ರು. ಗಾಡಿ ನಿಲ್ಲಿಸಿ ಇಳಿಸೋವಾಗ ವಾಂತಿ ಮಾಡ್ಕೊಂಡ್ರು. ಐದು ನಿಮಿಷ ಮರದ ಕೆಳಗೆ ಗಾಳೀಲಿ ಕೂತ್ಮೇಲೆ ಚೇತರಿಸ್ಕೊಂಡ್ರು.

"ತಿರುವಿನ ರಸ್ತೆ ಅಲ್ವಾ, ವಯಸ್ಸಾಗಿದೆ" ಅಂದ್ರು ನಮ್ಮನೆಯೋರು. ಐವತ್ತೈದು ವರ್ಷದಿಂದ ಅತ್ತೆ ಓಡಾಡಿರೋ ರಸ್ತೆ ಅದು! ಮೊದಲು ಯಾವತ್ತೂ ಬರದ ವಾಂತಿ ಈಗ್ಯಾಕೆ? ಮುಂದೆ ಕೂತಿದ್ದ ಇಬ್ಬರಿಗೂ ಏನೂ ಆಗಿಲ್ಲ, ಹಿಂದೆ ಕೂತಿದ್ದ ಮೂರು ಜನಕ್ಕೂ ತಲೆ ಸಿಡೀತಿದೆ. ಹೇಳಿದ್ರೆ "ಹಳೇ ಡೀಸೆಲ್ ಗಾಡಿ ಕಣೇ, ವಾಸನೆ ಇದ್ದಿದ್ದೇ" ಅಂತ ಉತ್ತರ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮಾರನೇ ದಿನ ಸಾಮಾನು ತರೋಕೆ ಹೆತ್ತೂರಿಗೆ ಹೊರಟಾಗ ನಾನೇ ಹಿಂದೆ ಹತ್ತಿ ಕೂತೆ. ಬೆಳಗ್ಗೆ ತಣ್ಣಗಿರೋ ಇಂಜಿನ್ ಶುರು ಮಾಡಿದ್ ತಕ್ಷಣ ಕೆಳಗಿಂದ ಟಸ್ ಟಸ್ ಟಸ್ ಅಂತ ಸದ್ದು. ಕುಕ್ಕರಿನ ರಬ್ಬರ್ ಹಳೇದಾದ್ರೆ ಸೀಟಿ ಬರೋಕೆ ಮುಂಚೆ ಪಕ್ಕದಿಂದ ಬುಸುಗುಟ್ಟುತ್ತಲ್ಲ, ಹಂಗೆ. ಸ್ವಲ್ಪ ಹೊತ್ತಿಗೆ ಸದ್ದು ಕಮ್ಮಿ ಆಯ್ತು. ಬಿಸಿಗೆ ಕಬ್ಬಿಣ ಹಿಗ್ಗಿ ಸಂದು ಒಂಚೂರು ಮುಚ್ಚಿಕೊಳ್ಳುತ್ತೆ, ಅದ್ಕೇ ಬಿಸಿಯಾದ ಗಾಡೀನ ಗ್ಯಾರೇಜಿಗೆ ಒಯ್ದ್ರೆ ಏನೂ ಕೇಳಿಸಲ್ಲ. ಸೀಟಿನ ಕೆಳಗೆ ನೆಲದ ತಗಡಿನ ಸಂದಿಗೆ ಬಿಳೀ ಬಟ್ಟೆ ಒರೆಸಿ ತೋರಿಸಿದೆ. ಕಪ್ಪು ಮಸಿ. ಗ್ರೀಸ್ ಅಲ್ಲ, ಒಣ ಮಸಿ. ಆಗ ನಮ್ಮನೆಯೋರು ಮಾತಾಡ್ಲಿಲ್ಲ. ಬಟ್ಟೇನ ತಗೊಂಡು ಮೂಸಿ ನೋಡಿದ್ರು. ಆಮೇಲೆ ಟಾರ್ಚ್ ತಗೊಂಡು ಗಾಡಿ ಕೆಳಗೆ ಮಲಗಿದ್ರು.

ಅಲ್ಲಿ ಕಂಡಿದ್ದನ್ನ ನಂಗೆ ಅರ್ಥ ಆದ ಹಂಗೆ ಹೇಳ್ತೀನಿ. ಮೊರದಲ್ಲಿ ಅಕ್ಕಿ ಕೇರುವಾಗ ಕೈ ಹಿಡಿದಿರೋ ಕಡೆ ಒಂದು ಬೆರಳು ಎದ್ರೆ, ಮೊರದ ತುದಿ ಒಂದು ಗೇಣು ಏಳುತ್ತೆ. ಇಂಜಿನ್ನೂ ಗೇರ್ ಬಾಕ್ಸೂ ಸೇರಿ ಒಂದು ಮೊರ ಅಂದ್ಕೊಳ್ಳಿ. ಮುಂದುಗಡೆ ಇಂಜಿನ್ ಕೂತಿರೋ ಎರಡು ರಬ್ಬರೇ ಹಿಡಿ. ಅಲ್ಲಿಂದ ಮೂರಡಿ ಹಿಂದಿರೋ ಗೇರ್ ಬಾಕ್ಸನ್ನ ಒಂದೂವರೆ ಇಂಚು ಎತ್ತಿದ್ರೆ, ಆರಡಿ ಹಿಂದಿರೋದು ಮೂರಿಂಚು ಏಳೋಕೆ ನೋಡುತ್ತೆ. ಹೊಗೆ ಪೈಪು ಇಂಜಿನ್ನಿನ ಪಕ್ಕದ ಮ್ಯಾನಿಫೋಲ್ಡಿಗೆ ಬೋಲ್ಟ್ ಹಾಕಿ ಬಿಗಿದಿರೋದು. ಇಂಜಿನ್ ಓರೆ ಆದ ಹಾಗೆ ಪೈಪೂ ಓರೆ ಆಗಿ, ಅದರ ಬಾಲ ನೆಲದ ತಗಡಿಗೆ ತಗುಲೋ ಹಾಗೆ ಮೇಲೆದ್ದಿತ್ತು. ವರ್ಕ್‌ಶಾಪಿನೋರು ಆ ಬಾಲಾನ ಕೆಳಕ್ಕೆ ಜಗ್ಗಿ, ಚಾಸಿಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ರು. ಮೇಲಿಂದ ನೋಡೋರಿಗೆ ಎಲ್ಲಾ ನೆಟ್ಟಗೆ. ಆದ್ರೆ ಆ ಜಗ್ಗಾಟ ಪೂರ್ತಿ ಹೋಗಿ ಬಿದ್ದಿದ್ದು ಮ್ಯಾನಿಫೋಲ್ಡ್ ಜಾಯಿಂಟಿನ ಮೇಲೆ. ಪ್ಯಾಕಿಂಗ್ ಒಂದು ಕಡೆ ಅಮುಕಿ ಇನ್ನೊಂದು ಕಡೆ ಬಾಯಿ ಬಿಟ್ಟಿತ್ತು. ಅಲ್ಲಿಂದ ಹೊರಬಿದ್ದ ಹೊಗೆ ಗೇರ್ ಲಿವರಿಗೆ ಅಂತ ದೊಡ್ಡದು ಮಾಡಿದ್ದ ತೂತು, ನೆಲದ ಸಂದಿ, ಸಿಕ್ಕಿದ ಕಡೆಯೆಲ್ಲಾ ಒಳಗೆ ನುಗ್ತಿತ್ತು.

ಇನ್ನೂ ಒಂದಿತ್ತು. ಎಳೆದು ಕಟ್ಟೋವಾಗ ಬಾಲದ ತುದಿ ಸ್ವಲ್ಪ ಕತ್ತರಿಸಿದ್ರು, ಹೊಗೆ ಬಿಡೋ ಬಾಯಿ ಗಾಡಿಯ ಹಿಂಭಾಗಕ್ಕಿಂತ ಒಳಗೇ ಉಳಿದಿತ್ತು. ಓಡೋ ಗಾಡಿಯ ಬೆನ್ನ ಹಿಂದೆ ಗಾಳಿ ಸುಳಿ ಸುತ್ತುತ್ತೆ. ಪಕ್ಕ ಎಲ್ಲಾ ಮುಚ್ಚಿ ಹಿಂದೆ ಮಾತ್ರ ತೆರೆದಿದ್ರೆ, ಆ ಸುಳಿ ಹೊಗೇನ ಎಳೆದು ತಂದು ಒಳಗೇ ತುಂಬುತ್ತೆ. ಮಳೇಲಿ ನಾವು ಕೂತಿದ್ದು ಸರಿಯಾಗಿ ಹಂಗೇ.

ಹೊಗೇಲಿ ಇರೋ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಕೂತ್ಕೊಳ್ಳುತ್ತೆ. ತಲೆ ನೋವು, ವಾಂತಿ, ಮಂಪರು ಇವೇ ಮೊದಲ ಲಕ್ಷಣ. ಡೀಸೆಲ್ ಹೊಗೇಲಿ ಪೆಟ್ರೋಲಿನಷ್ಟು ಇರಲ್ಲ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಡೀಸೆಲ್ ಮಸಿಯೇನೂ ಸಾಧು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ಮೊದಲನೇ ಗುಂಪಿಗೆ ಸೇರಿಸಿದೆ. ಅತ್ತೆಯ ವಯಸ್ಸಿಗೆ, ಆರು ವರ್ಷದ ಮಗುವಿಗೆ ಇದು ಬೇಕಾ? "ಪೈಪ್ ಸರಿಯಾಗೋ ತನಕ ಹಿಂದಿನ ಸೀಟಿಗೆ ಯಾರೂ ಹತ್ತೋ ಹಾಗಿಲ್ಲ" ಅಂದೆ. ವಾಪಸ್ ಬರುವಾಗ ಎಲ್ಲರೂ ರೈಲಲ್ಲೇ ಬಂದ್ವಿ. ಮಗ ಒಬ್ಬನೇ, ಟಾರ್ಪಾಲೆಲ್ಲಾ ಬಿಚ್ಚಿ ಸುತ್ತಿಟ್ಟು, ಜಾಯಿಂಟಿನ ನಟ್ಟು ಬಿಗಿಸ್ಕೊಂಡು ಜೀಪ್ ತಂದ.

ಪೀಣ್ಯದಲ್ಲಿ ಏನು ಬೇಕಾದ್ರೂ ಸಿಗುತ್ತೆ ಅಂತಾರಲ್ಲ, ನಿಜ. 1970ರ ದಶಕದಲ್ಲಿ ಶುರುವಾದ ಈ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಲೇತು, ಪೈಪ್ ಬಗ್ಗಿಸೋದು, ಗ್ಯಾಸ್ ಕಟಿಂಗ್, ಬಣ್ಣ ಹೊಡೆಯೋದು, ಒಂದೊಂದಕ್ಕೆ ಒಂದೊಂದು ಶೆಡ್ಡು. ನಮ್ಮನೆಯೋರಿಗೆ ಹಳೇ ಪರಿಚಯದ ಸೈಲೆನ್ಸರ್ ಭಾಯ್ ಒಬ್ರಿದ್ರು. ಈ ಸಲ ನಾನೂ ಹೋಗಿ ಅಲ್ಲೇ ಸ್ಟೂಲ್ ಹಾಕಿಸ್ಕೊಂಡು ಕೂತೆ. ಭಾಯ್ ಕೆಳಗೆ ನೋಡಿ ಬಂದು ಮೊದಲು ಕೇಳಿದ್ದು, "ಅಮ್ಮಾ, ಹಿಂದೆ ಯಾರು ಕೂರ್ತಾರೆ?" ಅಂತ. ಗೇರ್ ಬಾಕ್ಸ್ ಎತ್ತಿದೋರು ಕೇಳದೇ ಇದ್ದ ಪ್ರಶ್ನೆ ಅದು.

ಅವ್ರು ಮಾಡಿದ್ದು ಹೀಗೆ. ಮೊದಲು ಆ ಕಬ್ಬಿಣದ ಪಟ್ಟಿ ಕತ್ತರಿಸಿ ಪೈಪನ್ನ ಅದರ ಪಾಡಿಗೆ ಬಿಟ್ರು. ಜಗ್ಗಾಟ ತೆಗೆದ್ಮೇಲೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೋ ಅದೇ ಅದರ ನಿಜವಾದ ಜಾಗ. ಅಲ್ಲಿಂದ ಲೆಕ್ಕ ಶುರು. ಮ್ಯಾನಿಫೋಲ್ಡಿಂದ ಇಳಿಯೋ ತುಂಡನ್ನ ಹಂಗೇ ಇಟ್ಕೊಂಡು, ಅದರಾಚೆಗೆ ಕತ್ತರಿಸಿ ಎರಡು ಹೊಸ ಬೆಂಡ್ ಕೊಟ್ರು. ಬೆಂಡು ಯಂತ್ರದಲ್ಲೇ ಬಗ್ಗಿಸಿದ್ದು. ಹಿಂದೆಲ್ಲಾ ಪೈಪಿನೊಳಗೆ ಒಣ ಮರಳು ತುಂಬಿ, ಕಾಯಿಸಿ ಬಗ್ಗಿಸ್ತಿದ್ರಂತೆ, ಒಳಗೆ ಚಪ್ಪಟೆ ಆಗ್ಬಾರ್ದು ಅಂತ. ಬಗ್ಗಿದ ಕಡೆ ಚಪ್ಪಟೆ ಆದ್ರೆ ಹೊಗೆ ಸರಾಗ ಹೋಗಲ್ಲ, ಇಂಜಿನ್ನಿಗೆ ಉಸಿರು ಕಟ್ಟುತ್ತೆ.

ಆಮೇಲೆ ಒಂದು ಗೇಣುದ್ದದ ಫ್ಲೆಕ್ಸಿಬಲ್ ಪೈಪ್ ನಡುವೆ ಸೇರಿಸಿದ್ರು. ಮೇಲೆ ಸ್ಟೀಲ್ ತಂತಿಯ ಹೆಣಿಗೆ, ಒಳಗೆ ಚೂಡಿದಾರದ ಕಾಲಿನ ಹಾಗೆ ನಿರಿಗೆ. ಡೀಸೆಲ್ ಇಂಜಿನ್ ಶುರು ಮಾಡುವಾಗ, ನಿಲ್ಲಿಸುವಾಗ ಹೆಂಗೆ ಒದರುತ್ತೆ ನೋಡಿದೀರಲ್ಲ. ಆ ಒದರಾಟ ಹಿಂದಿನ ಪೈಪಿಗೆ ಹೋಗದ ಹಾಗೆ ಇದು ನುಂಗ್ಕೊಳ್ಳುತ್ತೆ. ಇದಕ್ಕಿಂತ ಮುಂದಿನ ಪೈಪಿಗೆ ಆಧಾರ ಗೇರ್ ಬಾಕ್ಸಿಂದಲೇ, ಯಾಕಂದ್ರೆ ಅದು ಇಂಜಿನ್ ಜೊತೆ ಅಲ್ಲಾಡೋದು. ಇದರ ಹಿಂದಿನ ಪೈಪಿಗೆ ಆಧಾರ ಚಾಸಿಯಿಂದ, ಅದೂ ರಬ್ಬರಲ್ಲಿ ನೇತುಹಾಕಿ. ಕಬ್ಬಿಣದ ಪಟ್ಟಿ ಹಾಕಿ ಬಿಗಿಯೋ ಹಾಗೇ ಇಲ್ಲ ಅಂದ್ರು ಭಾಯ್.

ಯಾಕೆ ಅಂತ ಕೇಳಿದ್ದಕ್ಕೆ "ಬಿಸಿಯಾದ್ರೆ ಬೆಳೀತದಮ್ಮಾ" ಅಂದ್ರು. ಪಿಯುಸೀಲಿ ಓದಿದ್ದು ನೆನಪಾಯ್ತು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತೆ. ಎರಡು ಮೀಟರ್ ಪೈಪು 300 ಡಿಗ್ರಿ ಬಿಸಿ ಏರಿದ್ರೆ ಏಳು ಮಿಲಿಮೀಟರ್ ಉದ್ದ ಆಗುತ್ತೆ. ಅಷ್ಟು ಬೆಳೆಯೋಕೆ ಜಾಗ ಕೊಡದೆ ಬಿಗಿದ್ರೆ ಎಲ್ಲೋ ಒಂದು ಕಡೆ ಸೀಳಲೇಬೇಕು. ತಣ್ಣಗಿರುವಾಗ ಸುಮ್ನೆ ತಗುಲದ ಹಾಗೆ ಕಂಡ್ರೆ ಸಾಲದು, ಬಿಸಿಯಾಗಿ ಬೆಳೆದಾಗಲೂ ತಗುಲಬಾರದು.

ಪೈಪ್ ಎಲ್ಲಿ ಹೋಗ್ಬೇಕು ಅನ್ನೋದೇ ದೊಡ್ಡ ಕಸರತ್ತು. ಮೇಲೆ ಹೋದ್ರೆ ನೆಲದ ತಗಡು ಕಾಯುತ್ತೆ, ಕೆಳಗೆ ಬಂದ್ರೆ ಚಪ್ಪಟೆ ತಗಡಿಗಿಂತ ಪೈಪೇ ಕೆಳಗಾಗಿ ಬಂಡೆಗೆ ಸಿಗುತ್ತೆ. ಮಗ ಅಷ್ಟು ಖರ್ಚು ಮಾಡಿ ಹೊಟ್ಟೆ ಎತ್ತಿಸಿದ್ದು ವ್ಯರ್ಥ. ಪಕ್ಕದಲ್ಲಿ ಬ್ರೇಕಿನ ಎಣ್ಣೆ ಪೈಪು. ಅದು ಕಾದು ಒಳಗಿನ ಎಣ್ಣೆ ಕುದಿದ್ರೆ ಬ್ರೇಕ್ ಒತ್ತಿದ್ರೂ ಹಿಡಿಯಲ್ಲ. ಇನ್ನೊಂದು ಕಡೆ ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟು. ಅದು ನಿಂತ ಗಾಡೀಲಿ ದೂರ ಕಾಣುತ್ತೆ, ಚಕ್ರ ಕಲ್ಲು ಹತ್ತಿದಾಗ ಮೇಲೆದ್ದು ಬಂದು ಪೈಪಿಗೆ ಬಡಿಯುತ್ತೆ. ಅದಕ್ಕೆ ಭಾಯ್ ಒಂದು ಮುಂದಿನ ಚಕ್ರದ ಕೆಳಗೆ ದಿಮ್ಮಿ ಕೊಟ್ಟು ಎತ್ತಿ, ಶಾಫ್ಟನ್ನ ಕೈಯಲ್ಲಿ ತಿರುಗಿಸಿ ನೋಡಿದ್ರು. ಆಮೇಲೆ ಇನ್ನೊಂದು ಚಕ್ರಕ್ಕೂ ಹಂಗೇ. ನೆಲದ ತಗಡಿಗೂ ಪೈಪಿಗೂ ನಡುವೆ ಬಿಸಿ ತಡೆಯೋಕೆ ಇನ್ನೊಂದು ತಗಡು ಸೇರಿಸಿದ್ರು, ಗಾಳಿ ಆಡೋಕೆ ಸಂದು ಬಿಟ್ಟು.

ಇದಕ್ಕೆಲ್ಲಾ ಕಾನೂನೂ ಇದೆ ಕಣ್ರೀ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಗೆ ಪೈಪು ಇಂಧನದ ಪೈಪಿಗೆ 35 ಮಿಲಿಮೀಟರಿಗಿಂತ ಹತ್ರ ಇರೋ ಹಾಗಿಲ್ಲ. ಅಂದ್ರೆ ಎರಡು ಬೆರಳಗಲ. ಹೊಗೆ ನೆಲದ ಕಡೆಗೂ ಬಿಡೋ ಹಾಗಿಲ್ಲ, ಎಡಕ್ಕೂ ಬಿಡೋ ಹಾಗಿಲ್ಲ, ಹಿಂದಕ್ಕೋ ಬಲಕ್ಕೋ ಬಿಡಬೇಕು. ಎಡ ಅಂದ್ರೆ ಫುಟ್‌ಪಾತಲ್ಲಿ ಜನ ನಡೆಯೋ ಕಡೆ ಅಲ್ವಾ. ಗಾಡೀನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಏನು ಎತ್ತಿಸೋಕೆ ಮುಂಚೆಯೂ ಆರ್‌ಟಿಓದಲ್ಲಿ ಕೇಳ್ಕೊಳ್ಳೋದು ಒಳ್ಳೇದು. ನಮ್ಮ ಸೈಲೆನ್ಸರ್ ಮಾತ್ರ ಮೊದಲಿದ್ದ ನಮೂನೇದೇ. ಸದ್ದು ಜಾಸ್ತಿ ಬರೋದು ಬೇಕು ಅಂತ ಮಗ ಒಂದ್ಸಲ ಬಾಯಿ ತೆಗೆದ, ನಾನು ನೋಡಿದ ನೋಟಕ್ಕೆ ಮುಚ್ಕೊಂಡ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿಟ್ರು. ಎಲ್ಲಾ ನಟ್ಟು ಸಡಿಲ ಇಟ್ಟು, ರಬ್ಬರ್‌ಗಳು ಓರೆ ಆಗದೆ ನೆಟ್ಟಗೆ ನೇತಾಡೋ ಹಾಗೆ ಪೈಪ್ ಜೋಡಿಸಿ, ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಮಾತ್ರ ಮಾಡಿದ್ರು. ಆಮೇಲೆ ಇಳಿಸಿ, ಹೊರಗೆ ಇಟ್ಟು ಸುತ್ತಲೂ ಪೂರ್ತಿ ವೆಲ್ಡಿಂಗ್. ಗಾಡಿ ಕೆಳಗೆ ಮಲಗಿ ಮಾಡಿದ್ರೆ ಪೈಪಿನ ಮೇಲ್ಭಾಗಕ್ಕೆ ಕೈ ಹೋಗಲ್ಲ, ಸೋರೋದು ಅಲ್ಲೇ. ಮತ್ತೆ ಕೂರಿಸುವಾಗ ಮ್ಯಾನಿಫೋಲ್ಡಿಗೆ ಹೊಸ ಪ್ಯಾಕಿಂಗ್ ಹಾಕಿ, ನಟ್ಟುಗಳನ್ನ ಒಂದು ಆ ಕಡೆ ಒಂದು ಈ ಕಡೆ ಸಮವಾಗಿ ಬಿಗೀತಾ, ಇಂಜಿನ್ ಕಡೆಯಿಂದ ಬಾಲದ ಕಡೆಗೆ ಬಂದ್ರು. ಬಾಲ ಗಾಡಿಯ ಹಿಂಭಾಗ ದಾಟಿ ಮೂರು ಬೆರಳು ಆಚೆ ಬರೋ ಹಾಗೆ ಇಟ್ರು.

ಸೋರುತ್ತಾ ಇಲ್ವಾ ಹೆಂಗೆ ನೋಡೋದು? ಸಿಲಿಂಡರ್ ಬದಲಾಯಿಸಿದಾಗ ರೆಗ್ಯುಲೇಟರಿಗೆ ಸೋಪಿನ ನೀರು ಹಚ್ಚಿ ನೋಡ್ತೀವಲ್ಲ, ಹಂಗೇ ಮಾಡಿ ಅಂದೆ. ಭಾಯ್ ನಕ್ಕು, "ನಾವೂ ಅದೇ ಮಾಡೋದಮ್ಮಾ" ಅಂದ್ರು. ಇಂಜಿನ್ ತಣ್ಣಗಿರುವಾಗ ಬಾಲದ ಕಡೆಯಿಂದ ಕಮ್ಮಿ ಒತ್ತಡದಲ್ಲಿ ಗಾಳಿ ಬಿಟ್ಟು, ಪ್ರತಿ ಜಾಯಿಂಟಿಗೂ ಸೋಪಿನ ನೊರೆ. ಒಂದು ಕಡೆ ಸಣ್ಣ ಗುಳ್ಳೆ ಬಂತು, ಅದನ್ನ ಮತ್ತೆ ವೆಲ್ಡ್ ಮಾಡಿದ್ರು. ಎರಡನೇ ಸಲ ಎಲ್ಲೂ ಗುಳ್ಳೆ ಇಲ್ಲ.

ನಮ್ಮನೇಲಿ ಒಂದು ತಮಾಷೆ ಇದೆ, ಅಮ್ಮಂದೂ ಪಿಯುಸಿ, ಜೀಪಿಂದೂ ಪಿಯುಸಿ ಅಂತ. ಜೀಪಿನ ಆ ಹೊಗೆ ಸರ್ಟಿಫಿಕೇಟ್ ಅವತ್ತೂ ಚಾಲ್ತೀಲೇ ಇತ್ತು. ಆದ್ರೆ ಡೀಸೆಲ್ ಗಾಡಿಯ ಹೊಗೆ ಅಳೆಯೋದು ಬಾಲದ ತುದೀಲಿ. ನಡುವೆ ಎಲ್ಲಿ ಸೋರಿ ಒಳಗೆ ಕೂತೋರ ಮೂಗಿಗೆ ಹೋಗ್ತಿದೆ ಅನ್ನೋದು ಅದರಲ್ಲಿ ಬರಲ್ಲ. ಕಾಗದ ಸರಿ ಇದೆ ಅಂತ ನಿಶ್ಚಿಂತೆಯಾಗಿ ಇರೋ ಹಾಗಿಲ್ಲ.

ದೀಪಾವಳಿಗೆ ಮತ್ತೆ ಊರಿಗೆ ಹೋದಾಗ ಅದೇ ರಸ್ತೆ, ಅದೇ ಸೀಟು. ಅತ್ತೆ ಸಕಲೇಶಪುರದಿಂದ ತೋಟದ ಗೇಟಿನ ತನಕ ಒಂದು ಗದ್ದೇನೂ ಬಿಡದೆ ಯಾರದ್ದು ಅಂತ ಹೇಳ್ತಾ ಬಂದ್ರು. ಬಂಡೆ ಮೇಲೂ ಜೀಪು ಉಜ್ಜದೆ ದಾಟ್ತು.

ನಿಮ್ಮನೇಲಿ ಗಾಡಿ ಎತ್ತಿಸೋ ಮಾತು ಬಂದ್ರೆ, ಪಟ್ಟಾ, ಟೈರು, ಗೇರ್ ಬಾಕ್ಸಿನ ಜೊತೆಗೆ ಪೈಪಿನ ಖರ್ಚನ್ನೂ ಮೊದಲೇ ಬರೆಸ್ಕೊಳ್ಳಿ. ಕೆಲಸ ಮುಗಿದ್ಮೇಲೆ ಬೆಳಗ್ಗೆ ತಣ್ಣಗಿರುವಾಗ ಶುರು ಮಾಡಿಸಿ ಕಿವಿ ಕೊಡಿ. ನೆಲದ ಸಂದಿಗೆ ಬಿಳೀ ಬಟ್ಟೆ ಒರೆಸಿ ನೋಡಿ. ನಾಲ್ಕೈದು ನೂರು ಕಿಲೋಮೀಟರ್ ಓಡಿದ್ಮೇಲೆ ನಟ್ಟುಗಳನ್ನ ಇನ್ನೊಂದ್ಸಲ ಬಿಗಿಸಿ, ಬಿಸಿಗೆ ಸಡಿಲ ಆಗಿರುತ್ತೆ. ಮುಖ್ಯವಾಗಿ, ಓಡಿಸೋರು ಮುಂದೆ ಕೂತು ಚೆನ್ನಾಗಿದೆ ಅಂದ್ರೆ ಒಪ್ಕೋಬೇಡಿ. ಮುದುಕ್ರು, ಮಕ್ಕಳು ಕೂರೋ ಜಾಗದಲ್ಲಿ ಅವ್ರನ್ನೇ ಒಂದು ಅರ್ಧ ಗಂಟೆ ಕೂರಿಸಿ ಸುತ್ತಿಸ್ಕೊಂಡು ಬನ್ನಿ.